ಸಿಮೆಂಟು ಕಣ ಬಿರಿಯುವುದೇಕೆ?

ಬಿಸಿಲು, ಚಳಿ ಮತ್ತು ಹೊರೆ – ಬೆಳೆಗಾರರು ತಿಳಿದಿರಬೇಕಾದ ಲೆಕ್ಕ

ಕೊಯ್ಲಿನ ಕಾಲದಲ್ಲಿ ಬೆಳೆಗಾರನ ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ದುಡಿಯುವ ಸ್ಥಳವೆಂದರೆ ಕಣ. ಕರಾವಳಿಯ ಕಡೆ ಅಂಗಳವೆನ್ನುತ್ತಾರೆ. ಕಾಫಿ ಹಣ್ಣಾಗಲಿ, ಪಾರ್ಚ್‌ಮೆಂಟಾಗಲಿ, ಚಾಲಿ ಅಡಿಕೆಯಾಗಲಿ, ಬೇಯಿಸಿದ ಕೆಂಪಡಿಕೆಯಾಗಲಿ, ವರ್ಷದ ದುಡಿಮೆಯೆಲ್ಲ ಕೆಲವು ವಾರಗಳ ಕಾಲ ಅದರ ಮೇಲೆಯೇ ಹರಡಿಕೊಂಡಿರುತ್ತದೆ. ಹಿಂದೆ ಎಲ್ಲರದೂ ಮಣ್ಣಿನ ಕಣ. ಮಳೆಗಾಲ ಕಳೆದ ಮೇಲೆ ಕೆತ್ತಿ, ನೀರು ಹಾಕಿ, ಬಡಿದು, ಸೆಗಣಿ ಸಾರಿಸುವುದು ರೂಢಿ. ಆ ಕಣವೂ ಬಿರಿಯುತ್ತಿತ್ತು. ಆದರೆ ಒಂದು ಬುಟ್ಟಿ ಸೆಗಣಿಯಿಂದ ಬಿರುಕು ಮುಚ್ಚಿಹೋಗುತ್ತಿತ್ತು. ಈಗ ನಮ್ಮಲ್ಲಿ ಹೆಚ್ಚಿನವರು ಸಾಲ ಸೋಲ ಮಾಡಿ ಸಿಮೆಂಟು ಕಣ ಹಾಕಿಸಿದ್ದೇವೆ. ಇದು ಬಿರಿದರೆ ಸೆಗಣಿಯಿಂದ ಮುಚ್ಚುವಂತಿಲ್ಲ.

ಬಿರಿದ ಕಣದಿಂದ ಆಗುವ ನಷ್ಟ ಕಣ್ಣಿಗೆ ಕೂಡಲೇ ಕಾಣುವುದಿಲ್ಲ. ಬಿರುಕಿನಲ್ಲಿ ನೀರು ಇಳಿದು ಅಡಿಯ ಮಣ್ಣು ಮೆತ್ತಗಾಗುತ್ತದೆ. ಸಂದಿಯಲ್ಲಿ ಸಿಕ್ಕಿಕೊಂಡ ಬೀಜಕ್ಕೆ ಬೂಷ್ಟು ಹಿಡಿದು, ಗುಡಿಸುವಾಗ ಒಳ್ಳೆಯ ಮಾಲಿನೊಡನೆ ಬೆರೆಯುತ್ತದೆ. ತಳದಿಂದ ಏರುವ ತೇವದಿಂದ ಅಡಿಕೆಯ ಬಣ್ಣ ಕೆಡುತ್ತದೆ. ಮಂಡಿಯಲ್ಲಿ ದರ ಕಡಿಮೆಯಾದಾಗ ನಾವು ಮಳೆಯನ್ನು ದೂರುತ್ತೇವೆ, ಕಣದ ನೆನಪಾಗುವುದಿಲ್ಲ.

ಈ ಲೇಖಕನ ಮನೆಯ ಕಣ 60 ಅಡಿ ಉದ್ದ, 40 ಅಡಿ ಅಗಲ, 4 ಅಂಗುಲ ದಪ್ಪ. ಇಡೀ ಕಣವನ್ನು ಒಂದೇ ಹಾಸಾಗಿ ಹಾಕಿಸಿದ್ದು. ಮೇಸ್ತ್ರಿ ನಡುವೆ ಸಂದು ಬಿಡೋಣವೆಂದಾಗ, "ಸಂದಿನಲ್ಲಿ ಬೀಜ ಸಿಕ್ಕಿಕೊಳ್ಳುತ್ತದೆ, ಗುಡಿಸಲು ತೊಂದರೆ" ಎಂದು ಬೇಡವೆಂದವನು ನಾನೇ. ಮೊದಲ ವರ್ಷ ಕೂದಲೆಳೆಯಂಥ ಬಿರುಕುಗಳು ಕಂಡವು. ಎರಡನೆಯ ವರ್ಷ ಜನವರಿಯ ಒಂದು ಮುಂಜಾನೆ, ಮಂಜು ಇನ್ನೂ ಬಿಟ್ಟಿರಲಿಲ್ಲ, ಮೂಟೆ ತುಂಬಿದ ಟ್ರೇಲರು ಕಣದ ಮೂಲೆಯಲ್ಲಿ ತಿರುಗಿತು. ಆ ಮೂಲೆ ಮುಕ್ಕೋನವಾಗಿ ಮುರಿದು ಕುಸಿಯಿತು. ನನಗೆ ಆಶ್ಚರ್ಯವಾದದ್ದು ಇದು: ಅದೇ ಟ್ರೇಲರು, ಅಷ್ಟೇ ಹೊರೆ ಹೊತ್ತು, ಅದೇ ಮೂಲೆಯಲ್ಲಿ ಎಷ್ಟೋ ಮಧ್ಯಾಹ್ನ ತಿರುಗಿತ್ತು. ಆಗ ಏನೂ ಆಗಿರಲಿಲ್ಲ. ಮುಂಜಾನೆ ಏಕೆ ಮುರಿಯಿತು?

ಸಿಮೆಂಟು ಕಳಪೆ, ಮೇಸ್ತ್ರಿ ಮೋಸ ಮಾಡಿದ ಎಂದುಬಿಡುವುದು ಸುಲಭ. ಕೆಲವೊಮ್ಮೆ ಅದು ನಿಜವೂ ಆಗಿರಬಹುದು. ಆದರೆ ಒಳ್ಳೆಯ ಸಿಮೆಂಟಿನಿಂದ ಮಾಡಿದ ಕಣವೂ ಬಿರಿಯುತ್ತದೆ. ಬಿಸಿಲೊಂದೇ ಅದನ್ನು ಮುರಿಯುವುದಿಲ್ಲ, ಹೊರೆಯೊಂದೇ ಮುರಿಯುವುದಿಲ್ಲ. ಎರಡೂ ಸಲ್ಲದ ಹೊತ್ತಿನಲ್ಲಿ ಕೂಡಿದಾಗ ಅದು ಮುರಿಯುತ್ತದೆ. ಈ ಮಾತನ್ನು ಲೆಕ್ಕದೊಡನೆ ವಿವರಿಸುವುದೇ ಈ ಲೇಖನದ ಉದ್ದೇಶ.

ಬಿಸಿಗೆ ಎಷ್ಟು ಹಿಗ್ಗುತ್ತದೆ?

ಕಾಂಕ್ರೀಟು ಬಿಸಿಗೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ. ಉಷ್ಣತೆ ಒಂದು ಡಿಗ್ರಿ ಸೆಂಟಿಗ್ರೇಡ್ ಏರಿದರೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 10 ಭಾಗದಷ್ಟು ಹಿಗ್ಗುತ್ತದೆ. ಜಲ್ಲಿಯ ಜಾತಿಯನ್ನು ಅನುಸರಿಸಿ ಇದು ತುಸು ಹೆಚ್ಚು ಕಡಿಮೆಯಾಗುತ್ತದೆ. ಸುಣ್ಣಕಲ್ಲಿನ ಜಲ್ಲಿಯಾದರೆ ಕಡಿಮೆ, ಬೆಣಚುಕಲ್ಲಾದರೆ ಹೆಚ್ಚು. ಉಕ್ಕಿನ ಕಂಬಿ ಹಿಗ್ಗುವುದು ಸುಮಾರು 12 ಭಾಗ. ಇವೆರಡೂ ಹತ್ತಿರ ಹತ್ತಿರ ಇರುವುದರಿಂದಲೇ ಕಂಬಿಯೂ ಕಾಂಕ್ರೀಟೂ ಬಿಸಿಲಲ್ಲಿ ಒಂದನ್ನೊಂದು ಬಿಡದೆ ಬಾಳುತ್ತವೆ.

ಹತ್ತು ಲಕ್ಷದಲ್ಲಿ ಹತ್ತು ಭಾಗವೆಂದರೆ ಏನೂ ಅಲ್ಲವೆಂದು ತೋರುತ್ತದೆ. ಆದರೆ ಮಲೆನಾಡಿನ ಕೊಯ್ಲಿನ ತಿಂಗಳುಗಳನ್ನು ನೆನೆಯಿರಿ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಜಾವ ಮೈ ನಡುಗುವ ಚಳಿ. ಮಧ್ಯಾಹ್ನ ಬರಿಗಾಲಿನಲ್ಲಿ ಕಣಕ್ಕೆ ಇಳಿಯುವಂತಿಲ್ಲ. ಗಾಳಿಯ ಉಷ್ಣತೆ 30 ಡಿಗ್ರಿ ಇದ್ದಾಗ ಬಿಸಿಲಿಗೆ ಬಿದ್ದ ಸಿಮೆಂಟಿನ ಮೈ 45ರಿಂದ 50 ಡಿಗ್ರಿ ಮುಟ್ಟಬಹುದು. ಒಂದೇ ದಿನದಲ್ಲಿ 30 ಡಿಗ್ರಿಯ ಏರಿಳಿತವೆಂದು ಹಿಡಿದರೆ, 100 ಅಡಿ ಉದ್ದದ ಕಣ ಸುಮಾರು 9 ಮಿಲಿಮೀಟರು ಹಿಗ್ಗಿ ಕುಗ್ಗಬೇಕಾಗುತ್ತದೆ. ಅಂದರೆ ಅಂಗುಲದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಹೀಗೆ ಹಿಗ್ಗಲು ಕುಗ್ಗಲು ಅದಕ್ಕೆ ಜಾಗವಿದ್ದರೆ ತೊಂದರೆಯಿಲ್ಲ. ಒಂದು ಕಡೆ ಮನೆಯ ಗೋಡೆ, ಇನ್ನೊಂದು ಕಡೆ ಪಲ್ಪರ್ ಮನೆಯ ಕಟ್ಟೆ, ಅಡಿಯಲ್ಲಿ ಕಚ್ಚಿ ಹಿಡಿದ ಒರಟು ಜಲ್ಲಿ ಇದ್ದರೆ ಅದು ಹಿಗ್ಗುವುದೆಲ್ಲಿಗೆ, ಕುಗ್ಗುವುದೆಲ್ಲಿಗೆ?

ಒತ್ತಿದರೆ ತಾಳುತ್ತದೆ, ಎಳೆದರೆ ತಾಳದು

ಸಾಮಾನ್ಯವಾಗಿ ಬಳಸುವ ಒಂದಕ್ಕೆ ಒಂದೂವರೆ ಮರಳು, ಮೂರು ಜಲ್ಲಿಯ ಕಾಂಕ್ರೀಟು ಚೆನ್ನಾಗಿ ಹದಗೊಂಡ ಮೇಲೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 200 ಕಿಲೋಗ್ರಾಂ ಒತ್ತಡ ತಾಳುತ್ತದೆ. ಆದರೆ ಬಾಗಿಸಿದಾಗ ಅದರ ಮೈಯಲ್ಲಿ ಹುಟ್ಟುವ ಎಳೆತವನ್ನು ತಾಳುವುದು ಸುಮಾರು 31 ಕಿಲೋಗ್ರಾಂ ಮಾತ್ರ. ನೇರವಾಗಿ ಎಳೆದರೆ ಇನ್ನೂ ಕಡಿಮೆ. ಕಣ ಬಿರಿಯುವುದೆಲ್ಲ ಎಳೆತದಿಂದಲೇ.

ಕುಗ್ಗಲು ಬಿಡದೆ ಹಿಡಿದಿಟ್ಟ ಕಾಂಕ್ರೀಟು ತಂಪಾದಾಗ ಪ್ರತಿ ಡಿಗ್ರಿಗೂ ಅದರಲ್ಲಿ ಸುಮಾರು ಎರಡೂಕಾಲು ಕಿಲೋಗ್ರಾಂ ಎಳೆತ ಹುಟ್ಟುತ್ತದೆ. 14 ಡಿಗ್ರಿ ಇಳಿದರೆ 31 ಕಿಲೋಗ್ರಾಂ ಆಯಿತು! ಮೇಲೆ ಒಂದು ಮೂಟೆಯನ್ನೂ ಇಡದೆ, ಬರೀ ತಂಪಿನಿಂದಲೇ ಕಣ ತನ್ನ ಶಕ್ತಿಯ ಕೊನೆಯನ್ನು ಮುಟ್ಟಿತು.

ಹಾಗಿದ್ದರೂ ಎಲ್ಲ ಕಣಗಳೂ ಮೊದಲ ರಾತ್ರಿಯೇ ಸೀಳುವುದಿಲ್ಲ. ಇದಕ್ಕೆ ಎರಡು ಕಾರಣ. ಯಾವ ನೆಲವೂ ಕಣವನ್ನು ಪೂರ್ತಿ ಬಿಗಿಯಾಗಿ ಹಿಡಿದಿರುವುದಿಲ್ಲ, ಸ್ವಲ್ಪ ಜಾರಲು ಬಿಡುತ್ತದೆ. ಎರಡನೆಯದಾಗಿ, ಕಾಂಕ್ರೀಟು ನಿಧಾನವಾದ ಎಳೆತಕ್ಕೆ ತುಸು ಸಡಿಲಗೊಳ್ಳುವ ಗುಣ ಪಡೆದಿದೆ. ಇಂಜಿನಿಯರುಗಳು ಇದನ್ನು ಕ್ರೀಪ್ ಎನ್ನುತ್ತಾರೆ. ಹಸಿ ಕೋಲನ್ನು ಮೆಲ್ಲನೆ ಬಗ್ಗಿಸಿದರೆ ಬಾಗುತ್ತದೆ, ಥಟ್ಟನೆ ಬಗ್ಗಿಸಿದರೆ ಮುರಿಯುತ್ತದಲ್ಲವೆ? ಹಾಗೆಯೇ ನಿಧಾನವಾದ ತಂಪನ್ನು ಕಣ ಸಹಿಸುತ್ತದೆ, ಹಠಾತ್ತಾದ ತಂಪನ್ನು ಸಹಿಸುವುದಿಲ್ಲ.

ಫೆಬ್ರವರಿ, ಮಾರ್ಚಿಯ ಹೂಮಳೆ ಕಾಫಿ ಗಿಡಕ್ಕೆ ಅಮೃತ. ಕಾದ ಕಣಕ್ಕೆ ಅದೇ ಶತ್ರು. ಮೂರು ಗಂಟೆಯ ಬಿಸಿಲಿಗೆ ಕಾದ ಸಿಮೆಂಟಿನ ಮೇಲೆ ಮಳೆ ಸುರಿದಾಗ ಮೇಲಿನ ಪದರ ಕೆಲವೇ ನಿಮಿಷಗಳಲ್ಲಿ ತಣ್ಣಗಾಗಿ ಕುಗ್ಗಲು ಹೊರಡುತ್ತದೆ. ಒಳಗಿನ ಪದರ ಇನ್ನೂ ಬಿಸಿಯಾಗಿಯೇ ಇದ್ದು ಅದನ್ನು ಬಿಡುವುದಿಲ್ಲ. ಮೇಲ್ಮೈಯಲ್ಲಿ ಬಲೆಯಂತೆ ಕಾಣುವ ಸಣ್ಣ ಬಿರುಕುಗಳಿಗೆ ಇದೂ ಒಂದು ಕಾರಣ. ಮಳೆ ನಮ್ಮ ಕೈಯಲ್ಲಿಲ್ಲ. ಆದರೆ ಮಧ್ಯಾಹ್ನದ ಕಾದ ಕಣಕ್ಕೆ ಬಾವಿಯ ನೀರು ಹೊಯ್ದು ತೊಳೆಯುವ ಅಭ್ಯಾಸವನ್ನು ಬಿಡುವುದು ನಮ್ಮ ಕೈಯಲ್ಲಿದೆ. ಕಣವನ್ನು ಬೆಳಿಗ್ಗೆ ತೊಳೆಯತಕ್ಕದ್ದು.

ಹಗಲು ಕವುಚಿಟ್ಟ ತಟ್ಟೆ, ರಾತ್ರಿ ಅಂಗಾತ ಇಟ್ಟ ತಟ್ಟೆ

ಈಗ ಮುಂಜಾನೆಯ ಪ್ರಶ್ನೆಗೆ ಬರೋಣ. ಬಿಸಿಲು ಬೀಳುವುದು ಕಣದ ಮೇಲ್ಮೈಗೆ. ತಳ ಮಣ್ಣಿಗೆ ತಾಗಿಕೊಂಡು ತಂಪಾಗಿರುತ್ತದೆ. ನಾಲ್ಕೇ ಅಂಗುಲದ ದಪ್ಪದಲ್ಲಿ ಮೇಲಕ್ಕೂ ಕೆಳಕ್ಕೂ 10 ಡಿಗ್ರಿಯ ವ್ಯತ್ಯಾಸ ಬರುವುದು ಕಷ್ಟವೇನಲ್ಲ. ಮೇಲ್ಭಾಗ ಹಿಗ್ಗುತ್ತದೆ, ಕೆಳಭಾಗ ಹಿಗ್ಗುವುದಿಲ್ಲ. ಆದುದರಿಂದ ಹಗಲು ಹೊತ್ತು ಹಾಸಿನ ನಡುಭಾಗ ಕವುಚಿಟ್ಟ ತಟ್ಟೆಯಂತೆ ತುಸು ಮೇಲೇಳುತ್ತದೆ, ಅಂಚುಗಳು ನೆಲವನ್ನು ಒತ್ತುತ್ತವೆ. ರಾತ್ರಿ ಇದರ ತಿರುವು ಮುರುವು. ಮೇಲ್ಮೈ ಆಕಾಶಕ್ಕೆ ತೆರೆದುಕೊಂಡು ಬೇಗ ತಣ್ಣಗಾಗುತ್ತದೆ, ತಳ ಮಣ್ಣಿನ ಬಿಸಿಯಲ್ಲಿ ಬೆಚ್ಚಗಿರುತ್ತದೆ. ಆಗ ಹಾಸು ಅಂಗಾತ ಇಟ್ಟ ತಟ್ಟೆಯಂತಾಗಿ ಅಂಚುಗಳೂ, ಎಲ್ಲಕ್ಕಿಂತ ಹೆಚ್ಚಾಗಿ ಮೂಲೆಗಳೂ, ನೆಲ ಬಿಟ್ಟು ಮೇಲೇಳುತ್ತವೆ. ಇದು ಕಣ್ಣಿಗೆ ಕಾಣುವಷ್ಟಲ್ಲ. ಆದರೆ ಅಡಿಯಲ್ಲಿ ಮಣ್ಣಿನ ಆಸರೆ ತಪ್ಪಿಹೋಗಲು ಅಷ್ಟೇ ಸಾಕು.

ಇದು ಹೊಸ ಸಂಗತಿಯಲ್ಲ. ಅಮೆರಿಕದಲ್ಲಿ ಕಾಂಕ್ರೀಟು ರಸ್ತೆಗಳು ಹೊಸದಾಗಿ ಬಂದ ಕಾಲದಲ್ಲಿ ಅವುಗಳ ಮೂಲೆಗಳು ಮುರಿಯುತ್ತಿದ್ದವು. 1920ರ ದಶಕದ ಆರಂಭದಲ್ಲಿ ಅಲ್ಲಿನ ಇಲಿನಾಯ್ ರಾಜ್ಯದವರು ಬೇಟ್ಸ್ ಎಂಬಲ್ಲಿ ಪರೀಕ್ಷೆಗೆಂದೇ ಒಂದು ರಸ್ತೆ ಕಟ್ಟಿ ಅದರ ಮೇಲೆ ಲಾರಿಗಳನ್ನು ಓಡಿಸಿದರು. ಆ ರಾಜ್ಯದ ಹೆದ್ದಾರಿ ಇಂಜಿನಿಯರು ಕ್ಲಿಫರ್ಡ್ ಓಲ್ಡರ್ ಮೂಲೆಯ ಎಳೆತಕ್ಕೆ ಒಂದು ಸರಳ ಸೂತ್ರವನ್ನು ಕೊಟ್ಟರು. ಡೆನ್ಮಾರ್ಕಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಪ್ರಾಧ್ಯಾಪಕರಾಗಿದ್ದ ವೆಸ್ಟರ್‌ಗಾರ್ಡ್ 1926ರಲ್ಲಿ ಚಕ್ರದ ಹೊರೆಯಿಂದಾಗುವ ಎಳೆತದ ಲೆಕ್ಕವನ್ನೂ, 1927ರಲ್ಲಿ ಉಷ್ಣತೆಯ ಏರಿಳಿತದಿಂದಾಗುವ ಎಳೆತದ ಲೆಕ್ಕವನ್ನೂ ಪ್ರಕಟಿಸಿದರು. ಇಂದಿಗೂ ಕಾಂಕ್ರೀಟು ರಸ್ತೆಯ ವಿನ್ಯಾಸದಲ್ಲಿ ಹೊರೆ ಮತ್ತು ಉಷ್ಣತೆ ಇವೆರಡನ್ನೂ ಕೂಡಿಸಿ ನೋಡುತ್ತಾರೆ. ನಮ್ಮ ಕಣವೂ ಒಂದು ಅಗಲವಾದ ರಸ್ತೆಯೇ ಅಲ್ಲವೆ?

ಮೂಲೆಯ ಲೆಕ್ಕ

ಓಲ್ಡರ್ ಸೂತ್ರವನ್ನು ಬೆಳೆಗಾರರು ತಾವೇ ಹಾಕಿ ನೋಡಬಹುದು. ಚಕ್ರದ ಭಾರವನ್ನು ಮೂರರಿಂದ ಗುಣಿಸಿ, ದಪ್ಪವನ್ನು ಅದೇ ದಪ್ಪದಿಂದ ಗುಣಿಸಿದ ಸಂಖ್ಯೆಯಿಂದ ಭಾಗಿಸಬೇಕು. ಭಾರ ಕಿಲೋಗ್ರಾಮಿನಲ್ಲಿ, ದಪ್ಪ ಸೆಂಟಿಮೀಟರಿನಲ್ಲಿರಲಿ. ಆಸರೆಯಿಲ್ಲದ ಮೂಲೆಯ ತುದಿಯಲ್ಲಿ ಚಕ್ರ ನಿಂತಾಗ ಕಾಂಕ್ರೀಟಿನ ಮೇಲ್ಮೈಯಲ್ಲಿ ಹುಟ್ಟಬಹುದಾದ ಹೆಚ್ಚಿನ ಎಳೆತ ಇದರಿಂದ ಸಿಗುತ್ತದೆ.

ಎರಡು ಚಕ್ರದ ಟ್ರೇಲರು ಮಾಲಿನೊಡನೆ 3 ಟನ್ ತೂಗಿದರೆ ಒಂದು ಚಕ್ರದ ಮೇಲೆ 1,500 ಕಿಲೋಗ್ರಾಂ. ಕಣದ ದಪ್ಪ 4 ಅಂಗುಲ, ಅಂದರೆ 10 ಸೆಂಟಿಮೀಟರು. ಮೂರು ಸಲ 1,500 ಎಂದರೆ 4,500. ಹತ್ತು ಹತ್ತಲೆ ನೂರರಿಂದ ಭಾಗಿಸಿದರೆ 45 ಕಿಲೋಗ್ರಾಂ. ಕಾಂಕ್ರೀಟು ತಾಳುವುದು 31. ಮೂಲೆ ಉಳಿಯುವುದು ಹೇಗೆ? ಅದೇ ಮೂಲೆ ಮಧ್ಯಾಹ್ನ ಗಟ್ಟಿ ನೆಲದ ಮೇಲೆ ಕೂತಿದ್ದಾಗ ಈ ಎಳೆತ ಸುಮಾರು ಅರ್ಧಕ್ಕೆ ಇಳಿಯುತ್ತದೆ. ನನ್ನ ಕಣದ ಮೂಲೆ ಅಷ್ಟು ಮಧ್ಯಾಹ್ನ ತಡೆದು, ಒಂದು ಮುಂಜಾನೆ ಮುರಿದದ್ದರ ಗುಟ್ಟು ಇದು.

ದಪ್ಪವನ್ನು 6 ಅಂಗುಲಕ್ಕೆ, ಅಂದರೆ 15 ಸೆಂಟಿಮೀಟರಿಗೆ ಏರಿಸಿದರೆ ಏನಾಗುತ್ತದೆ ನೋಡಿ. 4,500ನ್ನು 225ರಿಂದ ಭಾಗಿಸಿದರೆ 20 ಕಿಲೋಗ್ರಾಂ. ದಪ್ಪ ಒಂದೂವರೆ ಪಟ್ಟಾದರೆ ಎಳೆತ ಅರ್ಧಕ್ಕಿಂತಲೂ ಕಡಿಮೆಯಾಯಿತು. ಆದುದರಿಂದ ವಾಹನ ಬರುವ ಕಡೆಯ ಪಟ್ಟಿಯನ್ನಷ್ಟೇ 6 ಅಂಗುಲ ಹಾಕಿಸಿ, ಉಳಿದುದನ್ನು 4 ಅಂಗುಲಕ್ಕೆ ಬಿಟ್ಟರೂ ಬಹಳ ಲಾಭವಿದೆ.

ಇನ್ನೊಂದು ಮಾತು. ಒಂದು ಸಲ ಮುರಿಯದ ಹೊರೆ ನೂರು ಸಲ ಬಂದರೆ ಮುರಿಯಬಹುದು. ಎಳೆತವು ತಾಳುವ ಶಕ್ತಿಯ ಅರ್ಧದೊಳಗಿದ್ದರೆ ಕಾಂಕ್ರೀಟು ದಣಿಯದೆ ಬಹುಕಾಲ ಬಾಳುತ್ತದೆ. ಅದಕ್ಕಿಂತ ಮೇಲೇರಿದಷ್ಟೂ ಆಯುಷ್ಯ ಬೇಗ ಕರಗುತ್ತದೆ. ತುಂಬಿದ ಪಿಕಪ್ ವಾಹನದ ಹಿಂದಿನ ಚಕ್ರ 900 ಕಿಲೋಗ್ರಾಂ ಒತ್ತಿದರೆ 4 ಅಂಗುಲದ ಮೂಲೆಯಲ್ಲಿ 27 ಕಿಲೋಗ್ರಾಂ ಎಳೆತ. ಇಂದು ಮುರಿಯಲಿಲ್ಲವೆಂದು ಧೈರ್ಯಪಡುವಂತಿಲ್ಲ.

ಹಾಗೆಂದು ನಡು ಮಧ್ಯಾಹ್ನ ಪೂರ್ತಿ ನಿರ್ಭಯವೆಂದೂ ತಿಳಿಯಬಾರದು. ಆಗ ಹಾಸು ಕವುಚಿದ ತಟ್ಟೆಯಂತಿದ್ದು ತಳಭಾಗದಲ್ಲಿ ಆಗಲೇ ಎಳೆತವಿರುತ್ತದೆ. ಅಂಚಿನ ನಡುಮಧ್ಯದಲ್ಲಿ ಭಾರವಾದ ಚಕ್ರ ಬಂದರೆ ಎರಡೂ ಕೂಡಿಕೊಳ್ಳುತ್ತವೆ. ವಾಹನವನ್ನು ಕಣಕ್ಕೆ ಇಳಿಸಲೇಬೇಕಾದರೆ ಬೆಳಿಗ್ಗೆ ಬಿಸಿಲು ಚೆನ್ನಾಗಿ ಬಿದ್ದ ಮೇಲೆ 9ರಿಂದ 11ರ ನಡುವೆ, ಇಲ್ಲವೇ ಸಂಜೆ ಬಿಸಿಲು ಇಳಿದ ಹೊತ್ತಿನಲ್ಲಿ ಇಳಿಸುವುದು ಮೇಲು. ಆಗ ಮೇಲಿಗೂ ಕೆಳಗಿಗೂ ಬಿಸಿಯ ವ್ಯತ್ಯಾಸ ಕಡಿಮೆಯಿದ್ದು ಹಾಸು ಹೆಚ್ಚು ಕಡಿಮೆ ಚಪ್ಪಟೆಯಾಗಿ ನೆಲಕ್ಕೆ ಕೂತಿರುತ್ತದೆ.

ಹೊಸದಾಗಿ ಕಣ ಹಾಕಿಸುವವರಿಗೆ

1. ನೆಲ: ಮಣ್ಣನ್ನು ಎಲ್ಲ ಕಡೆ ಒಂದೇ ಸಮನಾಗಿ ದಮ್ಮಸ್ಸು ಮಾಡಿಸಿ. ತುಂಬಿದ ಮಣ್ಣು ಒಂದು ಮಳೆಗಾಲ ಕಂಡಿದ್ದರೆ ಒಳ್ಳೆಯದು. ಮೇಲೆ ಜಲ್ಲಿ ಪುಡಿ ಹರಡಿ, ಕಾಂಕ್ರೀಟು ಹಾಕುವ ಮುನ್ನ ಪ್ಲಾಸ್ಟಿಕ್ ಹಾಳೆ ಹಾಸಿ. ಇದರಿಂದ ತೇವ ಏರುವುದೂ ತಪ್ಪುತ್ತದೆ, ಹಾಸು ಹಿಗ್ಗಿ ಕುಗ್ಗುವಾಗ ಸಲೀಸಾಗಿ ಜಾರಲೂ ಅನುಕೂಲವಾಗುತ್ತದೆ.

2. ಸಂದು: ಇದೇ ಮುಖ್ಯ. ಸಂದುಗಳ ನಡುವಿನ ದೂರ ದಪ್ಪದ 24ರಿಂದ 30 ಪಟ್ಟು ಮೀರಬಾರದು. 4 ಅಂಗುಲದ ಕಣಕ್ಕೆ 8ರಿಂದ 10 ಅಡಿ. ನಮ್ಮ ಹಗಲು ರಾತ್ರಿಯ ವ್ಯತ್ಯಾಸವನ್ನು ನೋಡಿದರೆ 8 ಅಡಿಯೇ ಲೇಸು. ಹಾಸುಗಳು ಆದಷ್ಟು ಚೌಕವಾಗಿರಲಿ. ಸಂದು ಪೂರ್ತಿ ಆಳಕ್ಕೆ ಬೇಕಾಗಿಲ್ಲ. ದಪ್ಪದ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಗೀರಿದರೆ ಸಾಕು. ಬಿರುಕು ಬರುವುದೇ ಆದರೆ ಆ ಗೆರೆಯ ಕೆಳಗೆ ನೇರವಾಗಿ ಬರುತ್ತದೆ, ಎಲ್ಲೆಂದರಲ್ಲಿ ಅಂಕುಡೊಂಕಾಗಿ ಬರುವುದಿಲ್ಲ. ಯಂತ್ರದಿಂದ ಕೊಯ್ಯಿಸುವುದಾದರೆ ಕಾಂಕ್ರೀಟು ಗಟ್ಟಿಯಾದ ಕೂಡಲೇ, ಅದೇ ದಿನ ಕೊಯ್ಯಿಸಬೇಕು. ಒಂದು ರಾತ್ರಿಯ ಚಳಿ ಕಳೆದರೆ ಬಿರುಕು ತನ್ನ ದಾರಿಯನ್ನು ತಾನೇ ಆರಿಸಿಕೊಂಡಿರುತ್ತದೆ.

3. ಗೋಡೆಯಿಂದ ಬಿಡುವು: ಮನೆಯ ಗೋಡೆ, ಕಂಬ, ತೊಟ್ಟಿ ಇವುಗಳಿಗೆ ಕಣ ತಾಗುವ ಕಡೆ ಅರ್ಧ ಅಂಗುಲ ಬಿಡುವು ಕೊಟ್ಟು ಮೆತ್ತನೆಯ ಪಟ್ಟಿ ತುಂಬಿಸಿ.

4. ನೀರು: ಒಂದು ಮೂಟೆ ಸಿಮೆಂಟಿಗೆ 30 ಲೀಟರು ನೀರು ಮೀರಬಾರದು. ಮರಳು ಹಸಿಯಾಗಿದ್ದರೆ ಇನ್ನೂ ಕಡಿಮೆ. ತೆಳ್ಳಗೆ ಮಾಡಿ ಸುರಿದರೆ ಕೆಲಸ ಬೇಗ ಮುಗಿಯುತ್ತದೆ, ಕಣವೂ ಬೇಗ ಮುಗಿಯುತ್ತದೆ.

5. ಹಾಕುವ ಹೊತ್ತು: ಇದನ್ನು ಗಮನಿಸುವವರು ಕಡಿಮೆ. ಸಿಮೆಂಟು ಗಟ್ಟಿಯಾಗುವಾಗ ತಾನೂ ಬಿಸಿ ಹುಟ್ಟಿಸುತ್ತದೆ. ಬೆಳಿಗ್ಗೆ ಹಾಕಿದ ಕಾಂಕ್ರೀಟು ನಡು ಹಗಲಿನ ಬಿಸಿಲೂ ಸೇರಿ ಬಹಳ ಬಿಸಿಯಾಗಿದ್ದಾಗ ಗಟ್ಟಿಗೊಳ್ಳುತ್ತದೆ. ಆಗ ಹಿಗ್ಗಿದ ಮೈಯೇ ಅದರ ಹುಟ್ಟಿನ ಅಳತೆಯಾಗಿಬಿಡುತ್ತದೆ. ಮುಂದೆ ಬರುವ ಪ್ರತಿ ರಾತ್ರಿಯೂ ಅದಕ್ಕೆ ಕುಗ್ಗುವ ರಾತ್ರಿಯೇ. ಮಧ್ಯಾಹ್ನ ಬಿಸಿಲು ಇಳಿದ ಮೇಲೆ ಹಾಕಿದರೆ ಈ ತೊಂದರೆ ಬಹಳ ಕಡಿಮೆ. ಮಳೆ ನಿಂತ ಕೂಡಲೇ ಹಾಕಿಸಿ, ಕೊಯ್ಲಿಗೆ ಮುನ್ನ 28 ದಿನ ಸಿಗುವಂತೆ ನೋಡಿಕೊಳ್ಳಿ. ಏಳು ದಿನಕ್ಕೆ ಬರುವುದು ಸುಮಾರು ಮೂರನೇ ಎರಡು ಭಾಗ ಶಕ್ತಿ ಮಾತ್ರ.

6. ನೀರುಣಿಸುವುದು: ಕಾಂಕ್ರೀಟು ಕೆಲಸದ ಭಾರತೀಯ ಸಂಹಿತೆಯ 2000ದ ಆವೃತ್ತಿಯ ಪ್ರಕಾರ ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ, ಬಿಸಿ ಒಣ ಹವೆಯಲ್ಲಿ ಕನಿಷ್ಠ 10 ದಿನ ತೇವವಾಗಿರಿಸಬೇಕು. ಹಾರುಬೂದಿ ಬೆರೆತ ಪಿ.ಪಿ.ಸಿ. ಸಿಮೆಂಟಿಗೆ 14 ದಿನ ಒಳ್ಳೆಯದು. ಹುಲ್ಲು ಅಥವಾ ಗೋಣಿ ಹೊದಿಸಿದರೆ ತೇವವೂ ನಿಲ್ಲುತ್ತದೆ, ಹಗಲು ರಾತ್ರಿಯ ಬಿಸಿಯ ಏರಿಳಿತವೂ ತಗ್ಗುತ್ತದೆ.

7. ಕಂಬಿ: ಕಂಬಿಯ ಜಾಲರಿ ಬಿರುಕು ಬಾರದಂತೆ ತಡೆಯುವುದಿಲ್ಲ. ಬಂದ ಬಿರುಕು ಬಾಯಿ ತೆರೆಯದಂತೆ ಹಿಡಿಯುತ್ತದೆ. ಅದನ್ನು ಹಾಸಿನ ಮೇಲಿನ ಮೂರನೇ ಒಂದು ಭಾಗದಲ್ಲಿ ಕೂರಿಸಬೇಕು. ನೆಲದ ಮೇಲೆ ಬಿಸಾಡಿ ಕಾಂಕ್ರೀಟು ಸುರಿದರೆ ಹಣ ಮಣ್ಣುಪಾಲು.

ತಾರಸಿಯ ಮೇಲೆ ಒಣಗಿಸುವವರು

ಕಣಕ್ಕೆ ಜಾಗವಿಲ್ಲದವರು ಮನೆಯ ತಾರಸಿಯ ಮೇಲೆ ಅಡಿಕೆ ಹರಡುತ್ತಾರೆ. ಕಣ ಮುರಿದರೆ ಹಣ ಹೋದೀತು. ತಾರಸಿ ಕೆಳಗೆ ಮನೆ ಮಂದಿ ಇರುತ್ತಾರೆಂಬುದನ್ನು ಮರೆಯಬಾರದು.

ಜನ ಓಡಾಡುವ ತಾರಸಿಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ 150 ಕಿಲೋಗ್ರಾಂ ಹೊರೆಗೆಂದು ಲೆಕ್ಕ ಹಾಕಿರುತ್ತಾರೆ. ಒಂದು ಪದರ ಹರಡಿದ ಅಡಿಕೆಯಿಂದ ತೊಂದರೆಯಿಲ್ಲ. ಒಣಗಿದ ಮೇಲೆ 50 ಕಿಲೋಗ್ರಾಮಿನ ಮೂಟೆ ಕಟ್ಟಿ ನಡು ತಾರಸಿಯಲ್ಲಿ ಐದು ಸಾಲು ಒಟ್ಟಿದರೆ? ಒಂದು ಮೂಟೆ ಅರ್ಧ ಚದರ ಮೀಟರು ಜಾಗ ಹಿಡಿದರೆ ಹೊರೆ ಚದರ ಮೀಟರಿಗೆ 500 ಕಿಲೋಗ್ರಾಂ ಆಯಿತು. ಲೆಕ್ಕದ ಮೂರು ಪಟ್ಟಿಗೂ ಮೀರಿತು! ಬಿಸಿಲಿನ ಹೊತ್ತಿನಲ್ಲಿ ಮೇಲ್ಮೈ ಕಾದು ತಳ ತಂಪಾಗಿದ್ದರೆ ಗೋಡೆ ತೊಲೆಗಳಿಗೆ ಬಿಗಿದ ಚಪ್ಪಡಿಯ ತಳದಲ್ಲಿ ಮೊದಲೇ ಎಳೆತವಿರುತ್ತದೆ. ಮೂಟೆಯ ಹೊರೆಯೂ ಅದೇ ತಳವನ್ನೇ ಎಳೆಯುತ್ತದೆ. ಮೂಟೆಗಳನ್ನು ಆ ದಿನವೇ ಕೆಳಗಿಳಿಸಿ. ಆಗದಿದ್ದರೆ ಗೋಡೆ ತೊಲೆಗಳ ಮೇಲೆ ಬರುವಂತೆ ಒಂದೇ ಸಾಲು ಇಡಿ.

ತಾರಸಿಯೂ ಹಿಗ್ಗುತ್ತದೆ. 40 ಅಡಿ ಉದ್ದದ ಚಪ್ಪಡಿ 25 ಡಿಗ್ರಿಗೆ 3 ಮಿಲಿಮೀಟರು ಬೆಳೆಯುತ್ತದೆ. ಕೆಳಗಿನ ಮುರಕಲ್ಲಿನ ಗೋಡೆ ನೆರಳಿನಲ್ಲಿದ್ದು ಬೆಳೆಯುವುದಿಲ್ಲ. ಚಪ್ಪಡಿಯ ಕೆಳಗೇ ಗೋಡೆಯ ಉದ್ದಕ್ಕೂ ಕಾಣುವ ಅಡ್ಡ ಬಿರುಕು ಹಲವು ಸಲ ಇದರಿಂದಲೇ ಬರುತ್ತದೆ. ತಾರಸಿಗೆ ಸುಣ್ಣ ಅಥವಾ ಬಿಳಿ ಬಣ್ಣ ಬಳಿದರೆ ಬಿಸಿ ತಗ್ಗುತ್ತದೆ.

ಬೇಯಿಸುವ ಒಲೆಯ ಮೇಲಿನ ಸಿಮೆಂಟು

ಬಿಸಿಲಿನ ಬಿಸಿ ಬೇರೆ, ಬೆಂಕಿಯ ಬಿಸಿ ಬೇರೆ. ಕೆಂಪಡಿಕೆ ಬೇಯಿಸುವ ಹಂಡೆಯ ಒಲೆಗೂ, ಡ್ರೈಯರಿನ ಬೆಂಕಿಗೂಡಿಗೂ ಬಾಯಿಯ ಮೇಲೆ ಕಾಂಕ್ರೀಟು ಲಿಂಟಲ್ ಇಟ್ಟು ಅದರ ಮೇಲೆ ಗೋಡೆ ಏರಿಸುವುದುಂಟು. ಇದು ಅಪಾಯಕರ.

ಕಾಂಕ್ರೀಟು 300 ಡಿಗ್ರಿ ದಾಟಿದ ಮೇಲೆ ಶಕ್ತಿ ಕಳೆದುಕೊಳ್ಳುತ್ತ ಹೋಗುತ್ತದೆ. 400ರಿಂದ 500 ಡಿಗ್ರಿಯಲ್ಲಿ ಅದರೊಳಗಿನ ಸುಣ್ಣದ ಅಂಶ ನೀರು ಬಿಟ್ಟು ಸುಟ್ಟ ಸುಣ್ಣವಾಗುತ್ತದೆ. ಒಲೆ ಆರಿದ ಮೇಲೆ ತೇವ ತಾಗಿದರೆ ಆ ಸುಣ್ಣ ಅರಳಿ ಉಬ್ಬಿ ಉಳಿದುದನ್ನೂ ಒಡೆಯುತ್ತದೆ. 573 ಡಿಗ್ರಿಯಲ್ಲಿ ಮರಳಿನ ಬೆಣಚು ಹರಳೇ ರೂಪ ಬದಲಿಸಿ ಹಿಗ್ಗುತ್ತದೆ. 600 ಡಿಗ್ರಿಯ ಹೊತ್ತಿಗೆ ಅರ್ಧ ಶಕ್ತಿ ಹೋಗಿರುತ್ತದೆ, ಒಳಗಿನ ಕಂಬಿಯೂ ಮೆತ್ತಗಾಗಿರುತ್ತದೆ. ಸೌದೆಯ ಜ್ವಾಲೆಗೆ ಈ ಬಿಸಿ ದೊಡ್ಡದೇನಲ್ಲ.

ಹೊರೆ ಹೊತ್ತುಕೊಂಡೇ ಮೊದಲ ಸಲ ಕಾಯುವ ಕಾಂಕ್ರೀಟಿನ ನಡತೆ ಇನ್ನೂ ವಿಚಿತ್ರ. ಸ್ವೀಡನ್ನಿನ ಲುಂಡ್ ನಗರದಲ್ಲಿ ಆಂಡರ್‌ಬರ್ಗ್ ಮತ್ತು ಥೆಲಾಂಡರ್ಸನ್ 1976ರಲ್ಲಿ, ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಖೌರಿ ಮತ್ತು ಸಂಗಡಿಗರು 1985ರಲ್ಲಿ ಇದನ್ನು ಪ್ರಕಟಿಸಿದರು. ಒತ್ತುವ ಹೊರೆಯ ಕೆಳಗೆ ಬಿಸಿಯಾದ ಕಾಂಕ್ರೀಟು, ಬಿಸಿಯ ಲೆಕ್ಕಕ್ಕೂ ಹೊರೆಯ ಲೆಕ್ಕಕ್ಕೂ ಸಿಗದಷ್ಟು ಹೆಚ್ಚಾಗಿ ಕುಗ್ಗುತ್ತದೆ. ತಣ್ಣಗಾದಾಗ ಆ ಕುಗ್ಗು ಹಿಂದಿರುಗುವುದಿಲ್ಲ. ಕಾದಿರುವಷ್ಟು ಹೊತ್ತು ಇದು ಉಪಕಾರವೇ, ಹಿಗ್ಗಿನ ಒತ್ತಡವನ್ನು ಇಳಿಸುತ್ತದೆ. ತೊಂದರೆ ಬರುವುದು ಆರಿದ ಮೇಲೆ. ಬೆಂಕಿಯ ಕಡೆಯ ಮೈ ಶಾಶ್ವತವಾಗಿ ಗಿಡ್ಡವಾಗಿರುತ್ತದೆ, ಹಿಂದಿನ ಮೈ ಮೊದಲಿನಂತೆಯೇ ಇರುತ್ತದೆ. ಎರಡರ ನಡುವಿನ ಜಗ್ಗಾಟದಲ್ಲಿ ಬಿರುಕು ಬೀಳುತ್ತದೆ. ಒಲೆ ಉರಿಯುವಾಗ ಚೆನ್ನಾಗಿಯೇ ಇದ್ದ ಗೋಡೆ ಮರುದಿನ ಬೆಳಿಗ್ಗೆ ಸೀಳಿ ನಿಂತಿರುವುದಕ್ಕೆ ಇದೂ ಒಂದು ಕಾರಣ.

ಪರಿಹಾರ ಸರಳ. ಬೆಂಕಿಗೆ ತಾಗುವ ಕಡೆ ಇಟ್ಟಿಗೆಯನ್ನು ಜೇಡಿಮಣ್ಣಿನಲ್ಲಿ ಕಟ್ಟಿಸಿ. ಒಲೆಯ ಬಾಯಿಗೆ ಲಿಂಟಲ್ ಬದಲು ಇಟ್ಟಿಗೆಯ ಕಮಾನು ಮಾಡಿಸಿ. ಮನೆಯ ಭಾರ ಹೊರುವ ಗೋಡೆಗೂ ಒಲೆಗೂ ನಡುವೆ ಗಾಳಿ ಆಡುವಷ್ಟು ಜಾಗ ಬಿಡಿ. ಕಾದ ಒಲೆಗೆ ನೀರು ಎರಚಿ ಆರಿಸಬೇಡಿ.

ಆಗಲೇ ಬಿರಿದಿರುವ ಕಣಕ್ಕೆ

ಬಿರುಕಿಗೆ ಸಿಮೆಂಟು ಗಾರೆ ಮೆತ್ತುವುದು ಸಾಮಾನ್ಯ. ಮರುವರ್ಷ ಅದೇ ಜಾಗದಲ್ಲಿ, ಇಲ್ಲವೇ ಪಕ್ಕದಲ್ಲಿ ಮತ್ತೆ ಬಿರುಕು ಬರುವುದೂ ಸಾಮಾನ್ಯ. ಹಗಲು ಮುಚ್ಚಿ ರಾತ್ರಿ ತೆರೆಯುವ ಬಿರುಕು ಜೀವಂತ ಬಿರುಕು. ಅದು ಕಣ ತಾನೇ ಮಾಡಿಕೊಂಡ ಸಂದು. ಅದನ್ನು ಗಟ್ಟಿ ವಸ್ತುವಿನಿಂದ ಬಿಗಿದರೆ ಇನ್ನೊಂದು ಕಡೆ ಹೊಸ ಸಂದು ಮಾಡಿಕೊಳ್ಳುತ್ತದೆ. ಬಿರುಕನ್ನು ನೇರವಾಗಿ ಕೊಯ್ಯಿಸಿ, ಧೂಳು ತೆಗೆದು, ಹಿಗ್ಗಿ ಕುಗ್ಗುವ ರಬ್ಬರಿನಂಥ ಸೀಲೆಂಟ್ ತುಂಬಿಸಿ. ಡಾಂಬರು ಬೇಡ. ಬಿಸಿಲಿಗೆ ಕರಗಿ ಮಾಲಿಗೆ ಅಂಟುತ್ತದೆ, ಕಾಫಿ ವಾಸನೆಯನ್ನು ಬೇಗ ಹೀರುತ್ತದೆ. ಮುರಿದು ಕುಸಿದ ಮೂಲೆಯಾದರೆ ಆ ಹಾಸನ್ನು ಚೌಕವಾಗಿ ಕೊಯ್ದು ತೆಗೆದು, ಅಡಿಯ ಮಣ್ಣನ್ನು ಗಟ್ಟಿ ಮಾಡಿ, 6 ಅಂಗುಲ ದಪ್ಪಕ್ಕೆ ಹೊಸದಾಗಿ ಹಾಕಿಸಿ. ನಾನು ಹಾಗೆ ಮಾಡಿಸಿದ್ದೇನೆ. ಉಳಿದ ಕಣಕ್ಕೆ 8 ಅಡಿಗೊಂದರಂತೆ ಸಂದು ಕೊಯ್ಯಿಸಿದೆ. ಮೊದಲೇ ಬಂದಿದ್ದ ಬಿರುಕುಗಳು ಹಾಗೆಯೇ ಉಳಿದವು. ಸಂದಿನ ಕೆಲಸವನ್ನು ಮೊದಲ ದಿನವೇ ಮಾಡಿಸಿದ್ದರೆ ಈ ಖರ್ಚು ಬರುತ್ತಿರಲಿಲ್ಲ.

ಸದಸ್ಯ ಬಾಂಧವರು ಬರುವ ಕೊಯ್ಲಿಗೆ ಮುನ್ನ ಒಂದು ಕೆಲಸ ಮಾಡಬೇಕೆಂದು ವಿನಂತಿ. ಚಳಿ ಬಿದ್ದ ಮೇಲೆ ಒಂದು ಮುಂಜಾನೆ, ಸೂರ್ಯ ಏರುವ ಮೊದಲು, ಕಬ್ಬಿಣದ ಸರಳು ಹಿಡಿದು ಕಣದ ನಾಲ್ಕು ಮೂಲೆಗಳನ್ನೂ ತಟ್ಟಿ ನೋಡಿ. ನಡುವೆ ತಟ್ಟಿದಾಗ ಗಟ್ಟಿ ಸದ್ದು, ಮೂಲೆಯಲ್ಲಿ ತಟ್ಟಿದಾಗ ಬೊಳ್ಳು ಸದ್ದು ಬಂದರೆ ಅಡಿಯಲ್ಲಿ ಆಸರೆಯಿಲ್ಲವೆಂದು ತಿಳಿಯಿರಿ. ಆ ಮೂಲೆಗಳಲ್ಲಿ ಒಂದೊಂದು ಕಲ್ಲು ನೆಟ್ಟು, ಟ್ರೇಲರಿನವನಿಗೆ ದಾರಿ ಬೇರೆ ತೋರಿಸಿ. ಖರ್ಚಿಲ್ಲದ ಈ ಒಂದು ಎಚ್ಚರ ಸಾವಿರಾರು ರೂಪಾಯಿಯ ಕಣವನ್ನು ಇನ್ನಷ್ಟು ವರ್ಷ ಉಳಿಸೀತು.